ಓದುವವರಿಲ್ಲದ ಬರಹ

ಕಳೆದ ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ಹಳೆಯ ಪೆಟ್ಟಿಗೆಯೊಂದರಲ್ಲಿ ಎರಡು ವಸ್ತುಗಳು ಸಿಕ್ಕಿದವು. ಒಂದು, ನನ್ನ ಅಜ್ಜ ಮಸಿಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗದ ಪುಸ್ತಕ. ಇನ್ನೊಂದು, ಗೆದ್ದಲಿಗೆ ಹೆದರಿ ಅದನ್ನೇ ನಾನು 1996ರಲ್ಲಿ ಗಣಕಯಂತ್ರದಲ್ಲಿ ಅಚ್ಚುಮಾಡಿಸಿ ತುಂಬಿಸಿಟ್ಟ ಫ್ಲಾಪಿ. ಪುಸ್ತಕಕ್ಕೆ ಗೆದ್ದಲು ಹಿಡಿದಿರಲಿಲ್ಲ. ಫ್ಲಾಪಿ ಹಾಕುವ ಯಂತ್ರ ಮಾತ್ರ ಊರಲ್ಲೆಲ್ಲೂ ಸಿಗಲಿಲ್ಲ. ಕೊನೆಗೆ ಮಂಗಳೂರಿನ ಪರಿಚಿತರೊಬ್ಬರು ಹೇಗೋ ತೆರೆದುಕೊಟ್ಟರು. ಪರದೆಯ ಮೇಲೆ ಬಂದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು! ಆಗಿನ ಕನ್ನಡ ತಂತ್ರಾಂಶಗಳಿಗೆ ತಮ್ಮ ತಮ್ಮದೇ ಸಂಕೇತಕ್ರಮ. ಅದಕ್ಕೆ ತಕ್ಕ ಅಕ್ಷರವಿನ್ಯಾಸ ಇಲ್ಲದಿದ್ದರೆ ಕನ್ನಡ ಕನ್ನಡವಾಗಿ ಕಾಣದು.

ಇಂಥದೇ ಕತೆ ಇಂಗ್ಲೆಂಡಿನಲ್ಲಿ ದೊಡ್ಡದಾಗಿ ನಡೆದಿದೆ. 1086ರಲ್ಲಿ ಅರಸ ವಿಲಿಯಂ ತನ್ನ ರಾಜ್ಯದ ಭೂಮಿಕಾಣಿಗಳ ಲೆಕ್ಕ ಬರೆಯಿಸಿದ. ಚರ್ಮದ ಹಾಳೆಗಳ ಮೇಲೆ ಲ್ಯಾಟಿನ್‌ನಲ್ಲಿ ಬರೆದ ಆ 'ಡೂಮ್ಸ್‌ಡೇ ಪುಸ್ತಕ' ಇಂದಿಗೂ ಇದೆ. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಹೊಸದೊಂದು ಡೂಮ್ಸ್‌ಡೇ ಸಿದ್ಧಪಡಿಸಿತು. ಶಾಲಾಮಕ್ಕಳು ತಮ್ಮ ಊರಿನ ದಿನಚರಿ ಬರೆದರು. ಹತ್ತು ಲಕ್ಷಕ್ಕೂ ಮಿಕ್ಕಿ ಜನ ಕೈಜೋಡಿಸಿದರು. ಎಲ್ಲವನ್ನೂ ಎರಡು ಲೇಸರ್ ಡಿಸ್ಕುಗಳಲ್ಲಿ ತುಂಬಿಸಿದರು. ಓದಲು ಬಿಬಿಸಿ ಮಾಸ್ಟರ್ ಗಣಕವೂ ಫಿಲಿಪ್ಸ್‌ನವರ ವಿಶೇಷ ಯಂತ್ರವೂ ಬೇಕಿತ್ತು. ಹದಿನೈದೇ ವರ್ಷಗಳಲ್ಲಿ ಆ ಯಂತ್ರಗಳು ಅಪರೂಪವಾದವು. ಡಿಸ್ಕು ಉಳಿಯಿತು, ಓದುವ ದಾರಿ ಮುಚ್ಚತೊಡಗಿತು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ತಂತ್ರಾಂಶ ರಚಿಸಿ ಅದನ್ನು ಮತ್ತೆ ಓದಿಸಿ ತೋರಿಸಿದರು.

ಚರ್ಮ ಗಟ್ಟಿ, ಯಂತ್ರ ದುರ್ಬಲ ಎಂದು ಇಷ್ಟಕ್ಕೇ ತೀರ್ಮಾನಿಸುವುದು ಸರಿಯಲ್ಲ. ಹಳೆಯ ಪುಸ್ತಕ ಉಳಿದದ್ದು ಚರ್ಮದ ಬಲವೊಂದರಿಂದಲೇ ಅಲ್ಲ; ತಲೆಮಾರಿನಿಂದ ತಲೆಮಾರಿಗೆ ಯಾರೋ ಲ್ಯಾಟಿನ್ ಕಲಿಸುತ್ತ ಬಂದದ್ದರಿಂದ. ಹಾಗಾದರೆ ಒಂದನ್ನು ಉಳಿಸುವುದೆಂದರೇನು? ಜೋಪಾನವಾಗಿ ಇಟ್ಟರೆ ನಮ್ಮ ಋಣ ತೀರಿತೇ?

ಇದನ್ನು ಯೋಚಿಸುತ್ತಿದ್ದಾಗ ಮೊಮ್ಮಗ ಬಂದು ಅಜ್ಜನ ಪುಸ್ತಕ ತಿರುವಿ ಹಾಕಿದ. ಅವನು ಓದುವುದು ಮಲಯಾಳ, ಇಂಗ್ಲಿಷ್. ಮನೆಯಲ್ಲಿ ಆಡುವುದು ಕನ್ನಡ. "ಇದರಲ್ಲಿ ಏನುಂಟು ಅಜ್ಜಾ?" ಎಂದು ಕೇಳಿದ. ಮಂಗಳೂರಿನ ಪರದೆ ನನಗೆ ಹೇಗೆ ಕಂಡಿತ್ತೋ ಆ ಪುಟ ಅವನಿಗೆ ಹಾಗೆಯೇ ಕಂಡಿರಬೇಕು. ಫ್ಲಾಪಿಯ ವಿಷಯದಲ್ಲಿ ಕಾಲವನ್ನು ದೂರಬಹುದು. ಇಲ್ಲಿ ಯಾರನ್ನು ದೂರಲಿ? ಮಲಯಾಳವನ್ನಂತೂ ಅಲ್ಲ, ಎರಡು ಲಿಪಿಗಳಿಗೆ ಮಗುವಿನ ಕಣ್ಣಿನಲ್ಲಿ ಬೇಕಾದಷ್ಟು ಜಾಗವಿದೆ. ಕಲಿಸದೆ ಬಿಟ್ಟವರು ನಾವು.

ನಮ್ಮ ಪ್ರೀತಿಯ ಹೊರೆಯನ್ನು ಮಕ್ಕಳ ತಲೆಗೆ ಹೊರಿಸುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಅವರ ಬದುಕು ಅವರದು. ಏನನ್ನು ಓದಬೇಕೆಂಬುದೂ ಅವರಿಗೇ ಬಿಟ್ಟದ್ದು. ಆದರೆ ಬೇಡವೆನ್ನಲೂ ಮೊದಲು ಓದಲು ಬರಬೇಕಷ್ಟೆ? ಬಾಗಿಲು ತೆರೆದಿಟ್ಟರೆ ಒಳಬರುವುದು, ಬಿಡುವುದು ಅವರ ಸ್ವಾತಂತ್ರ್ಯ. ನಾವೇ ಮುಚ್ಚಿಬಿಟ್ಟು ಅದನ್ನು ಅವರ ಆಯ್ಕೆ ಎನ್ನುವುದು ಪ್ರಾಮಾಣಿಕತೆಯಲ್ಲ.

ಈಗ ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಅವನನ್ನು ಕೂರಿಸಿ ಅಕ್ಷರ ತಿದ್ದಿಸುತ್ತಿದ್ದೇನೆ. ಒತ್ತಕ್ಷರ ಬಂದಲ್ಲಿ ತಡವರಿಸುತ್ತಾನೆ, ನಗುತ್ತಾನೆ. ಮುಂದೆ ಅವನು ಆ ಪ್ರಸಂಗವನ್ನು ಓದದಿದ್ದರೂ ನನಗೆ ಬೇಸರವಿಲ್ಲ. ಓದಲು ಬಂದೂ ಓದದಿರುವುದು ಬೇರೆ. ಬಾರದೆ ಓದದಿರುವುದು ಬೇರೆ.