‘ವರೆಗೆ’ ಎಂಬ ಮಾತು

ಮಾತು ಕೊಡುವಾಗ ಮೇಲಿನ ಮಿತಿಯನ್ನಷ್ಟೇ ಹೇಳಿ, ಕೆಳಗಿನದನ್ನು ಹೇಳದೆ ಬಿಟ್ಟರೆ ಅದು ನಿಜವೋ ಸುಳ್ಳೋ? ಪ್ರಶ್ನೆ ಹಳೆಯದೇ. ಮನೆಮನೆಗೆ ಬಂದಿರುವ ಬ್ರಾಡ್‌ಬ್ಯಾಂಡ್ ಅದನ್ನು ಮತ್ತೆ ಕೇಳಿಸುತ್ತಿದೆ. ‘೧೦೦ ಮೆಗಾಬಿಟ್‌ವರೆಗೆ’ ಎಂದು ಕರಾರಿನಲ್ಲಿ ಬರೆದಿರುತ್ತದೆ. ಒಂದು ಸಂಜೆ ಅದು ಇದ್ದಕ್ಕಿದ್ದಂತೆ ೧೫ಕ್ಕೆ ಇಳಿಯುತ್ತದೆ. ಮಕ್ಕಳ ಆನ್‌ಲೈನ್ ಪಾಠದಲ್ಲಿ ಮೇಷ್ಟರ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಲ್ಲುತ್ತದೆ.

ದೂರುವವನಿಗೂ ಒಂದು ಧರ್ಮವುಂಟು: ಮೊದಲು ಮನೆಯೊಳಗೆ ವಿಚಾರಣೆಯಾಗಬೇಕು. ರೂಟರನ್ನು ಒಮ್ಮೆ ಆರಿಸಿ ಮತ್ತೆ ಹಾಕಿ, ವೈ-ಫೈಯನ್ನು ಬಿಟ್ಟು ತಂತಿಯಿಂದಲೇ ಕಂಪ್ಯೂಟರಿಗೆ ಜೋಡಿಸಿ ವೇಗವನ್ನು ಅಳೆಯಬೇಕು. ತಂತಿಯಲ್ಲಿ ನೂರರ ಹತ್ತಿರ ಬಂದು ವೈ-ಫೈಯಲ್ಲಿ ಮಾತ್ರ ಕುಸಿದರೆ ಕಂಪನಿ ನಿರಪರಾಧಿ. ೨.೪ ಗಿಗಾಹರ್ಟ್ಸಿನ ಹಾದಿಯಲ್ಲಿ ನೆರೆಮನೆಗಳ ವೈ-ಫೈಯೂ ನಮ್ಮದೇ ಮೈಕ್ರೋವೇವ್ ಒಲೆಯೂ ಕೂಡಿ ಗದ್ದಲವೆಬ್ಬಿಸುತ್ತವೆ. ೫ ಗಿಗಾಹರ್ಟ್ಸಿಗೆ ಬದಲಾಯಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ, ಗೋಡೆಗಳನ್ನು ದಾಟುವ ಶಕ್ತಿ ಅದಕ್ಕೆ ಕಡಿಮೆಯಾದರೂ. ತಿಂಗಳ ಪಾಲು ಮುಗಿದು ವೇಗ ತಗ್ಗಿದೆಯೋ ಎಂದೂ ನೋಡಬೇಕು. ಎಂಟು ಬಿಟ್ಟಿಗೆ ಒಂದು ಬೈಟು; ೧೦೦ ಮೆಗಾಬಿಟ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಅಷ್ಟೇ. ಇದನ್ನರಿಯದೆ ಶಾಪ ಹಾಕುವ ವಿದ್ಯಾವಂತರೂ ಇದ್ದಾರೆ.

ಇಷ್ಟೆಲ್ಲ ಆಗಿ, ತಂತಿಯಲ್ಲಿಯೂ ವೇಗವಿಲ್ಲ, ಬೆಳಗಿನ ಐದಕ್ಕೆ ಉಂಟು, ರಾತ್ರಿ ಒಂಬತ್ತಕ್ಕೆ ಇಲ್ಲ ಎಂದಾದರೆ ವ್ಯಾಜ್ಯ ಬೀದಿಗೆ ಬಂತೆನ್ನಬೇಕು. ನಮ್ಮ ಮನೆಗೆ ಬರುವ ಗಾಜಿನ ಎಳೆ ನಮ್ಮೊಬ್ಬರದಲ್ಲ. ಜಿ-ಪಾನ್ ಎಂಬ ಪದ್ಧತಿಯಲ್ಲಿ ಒಂದೇ ಎಳೆಯ ಬೆಳಕನ್ನು ಕವಲೊಡೆಸಿ ೩೨ ಅಥವಾ ೬೪ ಮನೆಗಳಿಗೆ ಹಂಚುವುದುಂಟು. ಅಷ್ಟೂ ಮನೆಗಳಿಗೆ ಸೇರಿ ಇಳಿದು ಬರುವುದು ಸುಮಾರು ೨,೫೦೦ ಮೆಗಾಬಿಟ್. ೬೪ ಮನೆಗೆ ತಲಾ ನೂರೆಂದರೆ ೬,೪೦೦ ಬೇಕು! ಎಲ್ಲರೂ ಒಮ್ಮೆಗೇ ಬರಲಾರರೆಂಬ ನಂಬಿಕೆಯ ಮೇಲೆ ವ್ಯಾಪಾರ ನಡೆದಿದೆ.

ಇದನ್ನು ಮೋಸವೆನ್ನಲು ನಾನು ಸಿದ್ಧನಿಲ್ಲ. ಮದುವೆಗೆ ಸಾವಿರ ಕರೆಯೋಲೆ ಹಂಚಿ ಆರುನೂರು ಎಲೆಗೆ ಅಡುಗೆ ಮಾಡಿಸುವ ಗೃಹಸ್ಥನನ್ನು ಯಾರೂ ಮೋಸಗಾರನೆನ್ನುವುದಿಲ್ಲ. ಎಲ್ಲ ಹಂಚಿಕೆಯೂ ಅಷ್ಟೇ. ಆದರೆ ಎಂಟುನೂರು ಜನ ಬಂದರೆ ಆತ ಮತ್ತೆ ಒಲೆ ಹೊತ್ತಿಸುತ್ತಾನೆ, ತಾನು ಕಡೆಯ ಪಂಕ್ತಿಯಲ್ಲಿ ಕೂರುತ್ತಾನೆ. ‘ಊಟ ಹಾಕುತ್ತೇವೆಂದು ಕರೆಯೋಲೆಯಲ್ಲಿ ಎಲ್ಲಿ ಬರೆದಿದ್ದೆವು?’ ಎಂದು ಕೇಳುವುದಿಲ್ಲ. ಕಂಪನಿ ಕೇಳುವುದು ಅದನ್ನೇ. ಫೋನು ಮಾಡಿದರೆ, ‘ನೂರರವರೆಗೆ ಎಂದಿದ್ದೇವೆ ಸಾರ್, ಹದಿನೈದೂ ಅದರೊಳಗೇ ಬರುತ್ತದೆ’ ಎಂಬ ಉತ್ತರ.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಸುಮ್ಮನಿರುವುದು ಕಷ್ಟ. ಮೈಸೂರಿನವರೆಗೆ ಚೀಟಿ ಹರಿದುಕೊಟ್ಟ ಕಂಡಕ್ಟರು ಮದ್ದೂರಿನಲ್ಲಿ ಇಳಿಸಿ, ‘ಇದೂ ಮೈಸೂರಿನ ಒಳಗಿನ ದೂರವೇ’ ಎಂದರೆ ಒಪ್ಪುವೆವೆ? ನಮ್ಮ ‘ವರೆಗೆ’ ತಲುಪಿಸುವ ಮಾತು. ಜಾಹೀರಾತಿನ ‘ವರೆಗೆ’ ತಪ್ಪಿಸಿಕೊಳ್ಳುವ ಮಾತು. ಅಕ್ಷರ ಒಂದೇ ಆದದ್ದರಿಂದಲೇ ನಾವು ಮೊದಲನೆಯದನ್ನು ಓದಿ ಎರಡನೆಯದಕ್ಕೆ ರುಜು ಹಾಕುತ್ತೇವೆ. ಅಚ್ಚಾದದ್ದೆಲ್ಲ ಸತ್ಯವಾಗಿದ್ದೂ ಕೇಳುವವನ ಮನಸ್ಸಿನಲ್ಲಿ ಅಸತ್ಯ ಮೂಡುವುದಾದರೆ, ಮೂಡಿಸಿದವನು ಹೊಣೆಯಲ್ಲವೆಂದು ಹೇಗೆ ಹೇಳೋಣ?

ಸರ್ಕಾರದ ಲೆಕ್ಕವಾದರೋ ತಳದಿಂದ ಹೊರಡುತ್ತದೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ೨೦೦೪ರಲ್ಲಿ ಕನಿಷ್ಠ ೨೫೬ ಕಿಲೋಬಿಟ್ ಇರಬೇಕಿತ್ತು. ೨೦೨೩ರಲ್ಲಿ ಅದನ್ನು ೨ ಮೆಗಾಬಿಟ್ಟಿಗೆ ಏರಿಸಿದರು. ನೂರಕ್ಕೆ ಹಣ ಕಟ್ಟುವವನಿಗೆ ಆ ತಳದಿಂದ ಏನೂ ಪ್ರಯೋಜನವಿಲ್ಲ, ನಿಜ. ರಾತ್ರಿ ಒಂಬತ್ತರಲ್ಲಿಯೂ ನಲವತ್ತಕ್ಕೆ ಇಳಿಯದು ಎಂದು ಬರೆದುಕೊಡುವವರು ಯಾರಾದರೂ ಇದ್ದರೆ, ನಾನು ಅದೇ ಹಣವನ್ನು ಅವರಿಗೆ ಕಟ್ಟಲು ಸಿದ್ಧ.