ಮಾಲದಂಡಿಗೆ ಹೊಸ ಬೀಜ ಬರಬಹುದೇ?

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಬಸವಣ್ಣ ಕರಣಿಕನಾಗಿದ್ದ ಬಿಜ್ಜಳನ ಊರು ಅದೇ. ಅಲ್ಲಿನ ಆಳವಾದ ಎರೆಹೊಲ ಮುಂಗಾರಿನಲ್ಲಿ ಖಾಲಿ ಬಿದ್ದು ಮಳೆ ಕುಡಿಯುತ್ತದೆ. ಹಿಂಗಾರಿಗೆ ಬಿತ್ತಿದ ಜೋಳ ಆ ಹಸಿಯನ್ನೇ ನಂಬಿ, ಚಳಿ ಇಬ್ಬನಿಯಲ್ಲಿ ತೆನೆ ಕಟ್ಟುತ್ತದೆ. ರೊಟ್ಟಿ ಮೆತ್ತಗೆ, ದನಕ್ಕೆ ಕಣಕಿಯೂ ರುಚಿ.

ಈಗ ಮಳೆಯ ಲೆಕ್ಕ ತಪ್ಪುತ್ತಿದೆ. ಬರ ತಾಳುವ, ಸುಳಿನೊಣಕ್ಕೆ ಜಗ್ಗದ ಹೊಸ ತಳಿ ಬಂದು, ಅದನ್ನು ಇದೇ ಹೊಲದಲ್ಲಿ ಬಿತ್ತಿದರೆ ಆ ಕಾಳು ಮಂಗಳವೇಢೆಯ ಜೋಳವೇ? ಅಲ್ಲ ಎನ್ನುವವರು ಪರಂಪರೆಯನ್ನು ಬೀಜದಲ್ಲಿ ಹುಡುಕುತ್ತಾರೆ. ಇಲ್ಲಿನ ಜೋಳದ ತಳಿಯಾದ ಮಾಲದಂಡಿಯ ಕತೆ ಅವರ ಪರ ಸಾಕ್ಷಿ ಹೇಳುವುದಿಲ್ಲ. ಸೊಲ್ಲಾಪುರದಿಂದ ವಿಜಯಪುರದವರೆಗೆ ರೈತರು ತಮ್ಮದೆಂದೇ ಬಿತ್ತುವ ಎಂ 35-1, ಸ್ಥಳೀಯ ಮಾಲದಂಡಿಯಿಂದ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ. ಅಜ್ಜನ ಕಾಲದ ಪ್ರಯೋಗವನ್ನು ನಾವೀಗ ಅನಾದಿಯೆಂದು ಪೂಜಿಸುತ್ತಿದ್ದೇವೆ, ಅಷ್ಟೇ.

ಹಾಗಾಗಿ ನಾನು ಕೇಳುವುದು ಬೇರೆ: ಹೊಸದು ಬಂದ ಮೇಲೂ ಬೆಳೆಗೆ ಈ ನೆಲವೇ ಬೇಕೇ? ಎರೆಯ ಹಸಿಯನ್ನು ಇನ್ನಷ್ಟು ದಿನ ಹಿಡಿಯುವ ಬದು, ಹೊದಿಕೆ, ಆಳಕ್ಕೆ ಬೇರು ಬಿಡುವ ತಳಿ, ಇವೆಲ್ಲ ನಂಟನ್ನು ಗಟ್ಟಿ ಮಾಡುತ್ತವೆ. ಕಾಲುವೆ ನೀರು ಹಾಯಿಸಿ, ಗೊಬ್ಬರ ಸುರಿದು, ಎಲ್ಲಿ ಬೇಕಾದರೂ ಬೆಳೆಯಬಹುದಾದ ಕಾಳನ್ನು ಇಲ್ಲಿ ಬೆಳೆದರೆ, ಬೀಜ ಎಷ್ಟೇ ಹಳೆಯದಿರಲಿ, ಹೆಸರು ಬರೀ ಅಂಟಿಸಿದ ಚೀಟಿ. ದಾಳಿಂಬೆಯಲ್ಲಿ ಇದರ ತಿರುವುಮುರುವು ಕಾಣುತ್ತದೆ. ಸೊಲ್ಲಾಪುರದ ದಾಳಿಂಬೆಗೂ 2016ರಲ್ಲೇ ಜಿಐ ಬಂತು. ಅದು ಆ ಸೀಮೆಗೆ ಕಟ್ಟುಬಿದ್ದದ್ದು. ಅದೇ ಊರಿನ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ರೂಪಿಸಿದ ‘ಸೋಲಾಪುರ ಲಾಲ್’ ತಳಿಯನ್ನು ಮಾತ್ರ ಕೊಪ್ಪಳದಲ್ಲೂ ನೆಡಬಹುದು.

ಫ್ರಾನ್ಸಿನ ಬೋರ್ಡೋ ದ್ರಾಕ್ಷಾರಸದವರು ತಮ್ಮ ಹೆಸರಿನ ವಿಷಯದಲ್ಲಿ ಭಾರೀ ಮಡಿವಂತರು. ಆದರೂ ಬಿಸಿಲು ಏರುತ್ತಿದ್ದಂತೆ 2021ರಲ್ಲಿ ಆರು ಹೊಸ ದ್ರಾಕ್ಷಿ ತಳಿಗಳನ್ನು ಒಳಗೆ ಬಿಟ್ಟುಕೊಂಡರು, ತೋಟದ ಶೇ 5ರ ಮಿತಿಯೊಳಗೆ. ನಮ್ಮ ಜೋಳಕ್ಕೂ ಇಂಥ ಬಾಗಿಲು ಬೇಕು, ಅದಕ್ಕೊಂದು ಚಿಲಕವೂ ಬೇಕು.

ಕಾಳನ್ನು ಎಲ್ಲಿ ಬೀಸಬೇಕೆಂಬ ಗಿರಣಿಯ ಪ್ರಶ್ನೆ ನನ್ನನ್ನು ಅಷ್ಟು ಕಾಡುವುದಿಲ್ಲ. ಮಂಗಳವೇಢೆಯ ಕಾಳು ಮೋಹೋಳ ತಾಲ್ಲೂಕಿನ ಚಿಂಚೋಳಿ ಕೈಗಾರಿಕಾ ಪ್ರದೇಶದ ಯಂತ್ರದಲ್ಲಿ ಹಿಟ್ಟಾದರೆ ನೆಲದ ಗುಣವೇನೂ ಸೋರಿಹೋಗದು. ಬೇರೆ ಕಡೆಯ ಕಾಳು ಅದರಲ್ಲಿ ಬೆರೆಯದಂತೆ ಲೆಕ್ಕ ಇಟ್ಟರಾಯಿತು. ಕಾಡುವುದು ಹಣದ ಪ್ರಶ್ನೆ. ನಮ್ಮ 1999ರ ಕಾನೂನಿನಲ್ಲಿ ಜಿಐ ಒಂದು ಸಂಘದ ಹೆಸರಿಗೆ ನೋಂದಣಿಯಾದರೂ, ಬೆಳೆಗಾರ ‘ಅಧಿಕೃತ ಬಳಕೆದಾರ’ನೆಂದು ಬೇರೆಯಾಗಿ ಅರ್ಜಿ ಹಾಕಬೇಕು. ಆ ಕಾಗದಪತ್ರದ ಓಡಾಟ ಅವನ ತಲೆಗೆ. ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟರೆ ಒಂದು ಬೆಳೆಯ ಆದಾಯವೂ ಹೋಗುತ್ತದೆ. ಪುಣೆಯ ಅಂಗಡಿಯಲ್ಲಿ ಹಿಟ್ಟಿನ ಪೊಟ್ಟಣ ಕೊಳ್ಳುವವರು ಆ ನಷ್ಟವನ್ನು ದರದಲ್ಲಿ ತುಂಬಿಕೊಡದಿದ್ದರೆ, ಉಜನಿ ಅಣೆಕಟ್ಟಿನ ನೀರು ಹೊಲ ಮುಟ್ಟಿದ ದಿನ ಆತ ಕಬ್ಬು ಹಚ್ಚುತ್ತಾನೆ. ಆತನದು ತಪ್ಪೆನ್ನಲು ನನಗೆ ಬಾಯಿಲ್ಲ.