ಗದ್ದಲ ಯಾವುದು, ಸಂಗೀತ ಯಾವುದು

ಹೋದ ದೀಪಾವಳಿ ರಜೆಯಲ್ಲಿ ಊರಿಗೆ ಹೋಗಲಿಲ್ಲ. ಅವ್ವನೇ ಧಾರವಾಡದಿಂದ ಪುಣೆಗೆ ಬಂದಿದ್ದಳು. ಬರುವಾಗ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದಿದ್ದಳು. ಒಳಗೆ ಅಪ್ಪನ ಕ್ಯಾಸೆಟ್ಟುಗಳು, ಎಣಿಸಿದರೆ ಮೂವತ್ತೊಂದು. 'ಅಲ್ಲೆ ಬೂಸರ ಹಿಡೀತಾವು. ನೀನರ ಇಟ್ಟಕೋ' ಅಂದಳು. ನಾನು ರಜೆಯ ನಾಲ್ಕೂ ದಿನ ಅದಕ್ಕೇ ಮೀಸಲಿಟ್ಟೆ: ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವುದು, ಕಂಪ್ಯೂಟರನ್ನು ಹಾಲಿನ ಹೋಮ್ ಥಿಯೇಟರಿಗೆ ಜೋಡಿಸುವುದು, ಅಪ್ಪ ಕೇಳಿದ್ದಕ್ಕಿಂತ ಚೆನ್ನಾಗಿ ಅಪ್ಪನ ಸಂಗೀತ ಕೇಳುವುದು.

ಮೊದಲ ದಿನವೇ ವಿಘ್ನ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಕೆಂಪು-ಬಿಳಿ ಪಿನ್ನುಗಳ ಕೇಬಲ್ ಎಳೆದು ಥಿಯೇಟರಿನ ಹಿಂಬದಿಗೆ ಚುಚ್ಚಿದೆ. ಸ್ಪೀಕರಿನಿಂದ 'ಹುಂ' ಎಂಬ ಸದ್ದು, ದೇವರ ಮನೆಯಲ್ಲಿ ಯಾರೋ ಓಂಕಾರ ಹಿಡಿದು ಬಿಡದೇ ಕೂತಂತೆ. ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು, ಹಾಕಿದರೆ ಮತ್ತೆ ಶುರು. ಇದನ್ನು ಮಾಡಿನೋಡಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಲ್ಯಾಪ್‌ಟಾಪ್ ತನ್ನ ಚಾರ್ಜರಿನ ಮೂಲಕ ಭೂಮಿಗೆ ತಾಗಿರುತ್ತದೆ, ಥಿಯೇಟರು ಇನ್ನೊಂದು ದಾರಿಯಿಂದ ತಾಗಿರುತ್ತದೆ. ನಡುವೆ ನಾವು ಆಡಿಯೋ ಕೇಬಲ್ ಹಾಕಿದೊಡನೆ ಒಂದು ಸುತ್ತು ಪೂರ್ತಿಯಾಗಿ, ನಮ್ಮ ದೇಶದ ಕರೆಂಟಿನ 50 ಹರ್ಟ್ಸ್ ಕಂಪನ ಸಂಗೀತದೊಳಗೆ ನುಗ್ಗುತ್ತದೆ.

ಆಫೀಸಿನ ಗೆಳೆಯನಿಗೆ ಫೋನು ಮಾಡಿದೆ. 'ಚಾರ್ಜರಿನ ಮೂರನೇ ಪಿನ್ ಮುರಿದುಬಿಡು, ಹುಂ ಮಾಯ' ಅಂದ. ನಿಜ, ಮಾಯವಾಗುತ್ತದೆ. ಆದರೆ ಆ ಪಿನ್ ಇರುವುದು ಸಂಗೀತಕ್ಕಲ್ಲ. ಎಂದಾದರೂ ಕರೆಂಟು ದಾರಿ ತಪ್ಪಿದರೆ ಮುಟ್ಟಿದವರ ಜೀವ ಉಳಿಯಲಿ ಎಂದು. ಅದರ ಬದಲು ಸಣ್ಣದೊಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದು, ಅಲ್ಲಿಂದ ಥಿಯೇಟರಿಗೆ ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ. ಎರಡು ಯಂತ್ರಗಳ ನಡುವೆ ಲೋಹದ ನಂಟೇ ಇಲ್ಲವಾದ್ದರಿಂದ ಹುಂಕಾರ ನಿಂತಿತು. ಆಮೇಲಿನ ಎರಡು ದಿನಗಳಲ್ಲಿ ಆ ಮೂರನೇ ಪಿನ್ ನನಗೆ ಮತ್ತೆ ಮತ್ತೆ ನೆನಪಾಯಿತು.

ಹೈ-ಫೈ ಅಂದರೆ ಹೈ ಫಿಡೆಲಿಟಿ. ಫಿಡೆಲಿಟಿಯನ್ನು ನಾವು ನಿಷ್ಠೆ ಎನ್ನಬಹುದು. ಯಾರಿಗೆ ನಿಷ್ಠೆ ಎಂದು ಕೇಳಿದರೆ 'ಮೂಲ ಧ್ವನಿಗೆ' ಎಂಬ ಉತ್ತರ ತಟ್ಟನೆ ಬರುತ್ತದೆ. ಆದರೆ ಮೂಲ ಎಲ್ಲಿದೆ? 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ತಟ್ಟೆಯಲ್ಲಿ ಇದ್ದದ್ದು ಸುಮಾರು ಮೂರು ನಿಮಿಷದ ಜಾಗ. ಗಂಟೆಗಟ್ಟಲೆ ಹರಿಯಬೇಕಾದ ರಾಗವನ್ನು ಆಕೆ ಆ ಮೂರು ನಿಮಿಷಕ್ಕೆ ಮಡಚಿ, ಕೊನೆಗೆ ತನ್ನ ಹೆಸರನ್ನೂ ಕೂಗಿ ಹೇಳಿದಳು. ಆ ಹಾಡು ಯಂತ್ರಕ್ಕಾಗಿಯೇ ಹುಟ್ಟಿದ್ದು. ನಂತರ ಬಂದ ಸಿಡಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಬರೆದಿಡುತ್ತದೆ. ಎಂಪಿ3 ಇನ್ನೂ ಜಾಣ: ದೊಡ್ಡ ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದು ಮನುಷ್ಯನ ಕಿವಿಗೆ ಹೇಗೂ ಕೇಳುವುದಿಲ್ಲ ಎಂದು ಲೆಕ್ಕ ಹಾಕಿ ಅದನ್ನು ಕೈಬಿಡುತ್ತದೆ. ಪ್ರತಿ ಯಂತ್ರದೊಳಗೂ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ಯಾರೋ ಒಬ್ಬರು ಮಾಡಿದ ತೀರ್ಮಾನ ಕೂತಿರುತ್ತದೆ.

ಅಪ್ಪನ ಕ್ಯಾಸೆಟ್ಟುಗಳ ಮೂಲವಂತೂ ಇನ್ನೂ ಬಡವು. ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್. ಒಂದೇ ಸ್ಪೀಕರಿನ ರೇಡಿಯೋ. ಅದರ ಮುಂದೆ ಸ್ಟೂಲಿನ ಮೇಲೆ ಇಟ್ಟ ಟೇಪ್ ರೆಕಾರ್ಡರು, ಅದರ ಹೊಟ್ಟೆಯೊಳಗಿನ ಕಡಲೆಕಾಳಿನಷ್ಟು ಮೈಕು. ಇದನ್ನು ಥಿಯೇಟರಿನ ಐದು ಸ್ಪೀಕರಿಗೆ ಹಂಚಿದರೆ ಗವಾಯಿ ನನ್ನ ಬೆನ್ನ ಹಿಂದೆಯೂ ಹಾಡುತ್ತಾನೆ. ಇರುವ ಒಂದೇ ದಾರವನ್ನು ಯಂತ್ರ ಸೀಳಿ ಐದು ಮಾಡಿ ತೋರಿಸುವ ಆಟ ಅದು. ಸರೌಂಡ್ ಆರಿಸಿ, ಎದುರಿನ ಎರಡು ಸ್ಪೀಕರು ಮತ್ತು ಸಬ್‌ವೂಫರ್ ಮಾತ್ರ ಉಳಿಸಿಕೊಂಡೆ.

ಎರಡನೇ ದಿನ ಮೊದಲ ಕ್ಯಾಸೆಟ್ಟು ಇಳಿಸಿದೆ. ಮೇಲೆ ಅಪ್ಪನ ದುಂಡನೆಯ ಅಕ್ಷರ: 'ಮನ್ಸೂರ, ತೋಡಿ, ಮುಂಜಾನೆ, 1984'. ಅರವತ್ತು ನಿಮಿಷದ ಕ್ಯಾಸೆಟ್ಟು ಇಳಿಯಲು ಅರವತ್ತೇ ನಿಮಿಷ ಬೇಕು. ಫೈಲ್ ಕಾಪಿ ಮಾಡಿದಂತೆ ಅವಸರ ಮಾಡಲಾಗದು. ಆಮೇಲೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೊಳೆಯಲು ಕೂತೆ. ಅದರ ಪದ್ಧತಿ ಸರಳ. ಸಂಗೀತ ಇಲ್ಲದ, ಬರೀ ಗದ್ದಲ ಇರುವ ಕೆಲವು ಸೆಕೆಂಡುಗಳನ್ನು ಆರಿಸಿ ಕೊಡಬೇಕು. 'ಗದ್ದಲ ಅಂದರೆ ಇದು' ಎಂದು ಯಂತ್ರಕ್ಕೆ ಮೊದಲು ನಾವು ತೋರಿಸಬೇಕು. ಅದು ಅದರ ಜಾಡು ಕಲಿತು, ಉಳಿದೆಲ್ಲ ಕಡೆಯಿಂದ ಅಂಥದ್ದನ್ನು ಹೀರಿಬಿಡುತ್ತದೆ.

ಹುಡುಕಿದೆ. ಕ್ಯಾಸೆಟ್ಟಿನ ಆರಂಭದಲ್ಲೇ ಸಿಕ್ಕಿತು. ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ, ರೇಡಿಯೋದ ಬರೀ ಶ್ಶ್ ಎಂಬ ಸದ್ದು. ಅದರ ಹಿಂದೆ ದೂರದಲ್ಲಿ ಪಟ್ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು, ನಡುನಡುವೆ ಬಳೆ. ನಂತರ ಅಪ್ಪನ ದನಿ, ಸಿಟ್ಟಿನದಲ್ಲ, ಆದರೆ ಎರಡನೇ ಮಾತಿಗೆ ಎಡೆಯಿಲ್ಲದ್ದು: 'ಸಾಕು, ಬಡಿಯೂದು ನಿಲ್ಲಸು.' ಸದ್ದು ನಿಂತಿತು. ಆರು ಸೆಕೆಂಡು ಬರೀ ಶ್ಶ್. ಆಮೇಲೆ ಉದ್ಘೋಷಕರ ದನಿ.

ನನಗೆ ಬೇಕಾಗಿದ್ದು ಸರಿಯಾಗಿ ಆ ಆರು ಸೆಕೆಂಡು. ಅದನ್ನು ಗದ್ದಲದ ಮಾದರಿ ಎಂದು ಕೊಟ್ಟೆ. ಹಿಂದಿನ ರೊಟ್ಟಿಯ ಸದ್ದನ್ನು ಕತ್ತರಿಸಲು ಗುರುತು ಹಾಕುತ್ತಿದ್ದಾಗ ಸೋಫಾದ ಮೇಲೆ ಕೂತಿದ್ದ ಅವ್ವ ಕೇಳಿದಳು:

'ಅದನ್ಯಾಕ ತಗೀತಿ?'

'ಗದ್ದಲ ಐತಿ ಅವ್ವಾ. ತಗದ್ರ ಹಾಡು ಸ್ವಚ್ಛ ಕೇಳಸತೈತಿ.'

'ಗದ್ದಲ ಅಲ್ಲಪಾ ಅದು. ನಾನು.'

ಅಷ್ಟು ಹೇಳಿ ನಕ್ಕಳು. ಆಮೇಲೆ ತಾನೇ ಮುಂದುವರಿಸಿದಳು. 'ಅರ್ಧಾ ತಾಸು ಸುಮ್ನ ಕುಂದರಬೇಕಾಗತಿತ್ತು. ನಾದಿದ ಹಿಟ್ಟು ಒಣಗಿ ಬಿರಿತಿತ್ತು. ಮತ್ತ ಬಿಸಿನೀರು ಹಾಕಿ ನಾದಿ ಬಡೀತಿದ್ದೆ. ನಿಮ್ಮಪ್ಪಾರ ಡಬ್ಬಿಗೆ ತಡಾ ಆತಂದ್ರ ಅದೂ ನನ್ನ ತಪ್ಪ.' ದೂರುವ ದನಿಯಲ್ಲ, ಹಳೇ ಮಳೆಗಾಲದ ಸುದ್ದಿ ಹೇಳಿದಂತೆ. ನಾನು ಕೇಳಿದೆ, 'ಹಾಡರ ಕೇಳತಿದ್ದಿಲ್ಲೋ?' ಸ್ವಲ್ಪ ಯೋಚಿಸಿ ಅಂದಳು, 'ಸದ್ದು ಮಾಡಬಾರದಂತ ಕುಂತಾಕಿಗೆ ಹಾಡ ಹೆಂಗ ಕೇಳಸತೈತಿ?'

ನಾನು ಮೌಸಿನಿಂದ ಕೈ ತೆಗೆದೆ.

ಆ ಸಂಜೆ ಇದನ್ನೇ ತಿರುವಿ ಹಾಕಿದೆ. ಯಂತ್ರಕ್ಕೆ ಗದ್ದಲವೆಂದು ನಾನು ಕೊಟ್ಟ ಆರು ಸೆಕೆಂಡು ಅವ್ವ ಕೈ ಕಟ್ಟಿಕೊಂಡು ಕೂತ ಹೊತ್ತು. ಅಪ್ಪನ ರಸಿಕತೆಯ ಬಗ್ಗೆ ನಮ್ಮ ಬಳಗದಲ್ಲಿ ಇಂದಿಗೂ ಮಾತಾಡುತ್ತಾರೆ. ಆ ರಸಿಕತೆಗೆ ಬೇಕಾದ ನಿಶ್ಶಬ್ದವನ್ನು ಯಾರು ಒದಗಿಸಿದರು ಎಂದು ನಾನೂ ಸೇರಿ ಯಾರೂ ಕೇಳಿರಲಿಲ್ಲ.

ಆದರೆ ಇಲ್ಲೇ ನಿಂತರೆ ಅದು ಬರೀ ಕಣ್ಣೀರಿನ ವಾದವಾಗುತ್ತದೆ. ಎದುರು ಪಕ್ಷಕ್ಕೂ ಬಲವಿದೆ. ಒಂದು: ಮನ್ಸೂರರು ಹಾಡಿದ್ದು ತೋಡಿ. ರೊಟ್ಟಿ ಬಡಿಯುವ ಸದ್ದಿನ ಜೊತೆ ಕೇಳಿಸಿಕೊಳ್ಳಲು ಅವರು ಒಪ್ಪಿರಲಿಲ್ಲ. ಹಾಡುಗಾರರಿಗೆ ನಾವು ಸಲ್ಲಿಸಬೇಕಾದ ನಿಷ್ಠೆ ಇಲ್ಲವೇ? ಎರಡು: ಅಪ್ಪನ ಕೈಗೆ ಈ ತಂತ್ರಾಂಶ ಸಿಕ್ಕಿದ್ದರೆ ಅಳಿಸಿಬಿಡುತ್ತಿದ್ದರು, ಸಂಶಯವೇ ಇಲ್ಲ. ಮೂರು, ನನ್ನನ್ನು ಹೆಚ್ಚು ಚುಚ್ಚಿದ್ದು ಇದೇ: ಊರು ಬಿಟ್ಟು ಬಂದ ನಮ್ಮಂಥವರಿಗೆ ಊರಿನ ಗದ್ದಲವೆಲ್ಲ ಮಧುರವಾಗಿ ಕೇಳುವ ಚಟವಿದೆ. ರೊಟ್ಟಿ ಬಡಿಯುವ ಸದ್ದು ನನಗೆ ಹಿತ, ಏಕೆಂದರೆ ಬಡಿಯುತ್ತಿದ್ದುದು ನಾನಲ್ಲ. ಅದನ್ನು ಉಳಿಸಿ ಥಿಯೇಟರಿನಲ್ಲಿ ಕೇಳಿ ಕಣ್ಣು ತೇವ ಮಾಡಿಕೊಂಡರೆ, ಅವ್ವನ ಕಷ್ಟವನ್ನೂ ನನ್ನ ಮನರಂಜನೆಗೆ ಸೇರಿಸಿಕೊಂಡಂತೆ.

ಈ ಮೂರರಲ್ಲಿ ಮೊದಲನೆಯದಕ್ಕೆ ಯಂತ್ರವೇ ಅರ್ಧ ಉತ್ತರ ಕೊಟ್ಟಿತು. ತೊಳೆದ ಪ್ರತಿಯನ್ನು ಕೇಳಿದೆ. ಶ್ಶ್ ಹೋಗಿತ್ತು. ಜೊತೆಗೆ ತಂಬೂರಿಯ ಜೀವವೂ ಹೋಗಿ, ಬಾವಿಯ ನೀರೊಳಗಿಂದ ಕೇಳಿದಂತಿತ್ತು. ತಂತಿ ಮಿಡಿದ ಮೇಲೆ ಏಳುವ ತೆಳ್ಳನೆಯ ಮೇಲು ಸ್ವರಗಳು ಇರುವುದು ಶ್ಶ್ ಇರುವ ಎತ್ತರದಲ್ಲೇ. ಯಾವುದು ತಂಬೂರಿ, ಯಾವುದು ರೇಡಿಯೋದ ಉಸಿರು ಎಂದು ಯಂತ್ರಕ್ಕೆ ತಿಳಿಯದು. ಗದ್ದಲವನ್ನು ಪೂರ್ತಿ ಹೀರಿದರೆ ಸಂಗೀತವೂ ಬರುತ್ತದೆ. ಹಾಡುಗಾರರಿಗೆ ನಿಷ್ಠೆ ಎಂದುಕೊಂಡು ನಾನು ಮಾಡಿದ್ದು ಅವರಿಗೂ ಸಂದಿರಲಿಲ್ಲ.

ಮೂರನೆಯದಕ್ಕೆ ಉತ್ತರ ಬಂದದ್ದು ಪಕ್ಕದ ಮನೆಯಿಂದ.

ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಪಕ್ಕದ ಫ್ಲ್ಯಾಟಿನ ಆಜೋಬಾ ಬಾಗಿಲು ತಟ್ಟಿದರು. ಎಂಬತ್ತರ ಮೇಲಿನ ವಯಸ್ಸು. ಸಂಕೋಚದಿಂದಲೇ, 'ಜರಾ ಆವಾಜ್ ಕಮೀ ಕರಾಲ್ ಕಾ?' ಅಂದರು. ಅವರ ಹೆಂಡತಿ ಹಾಸಿಗೆ ಹಿಡಿದು ವರ್ಷವಾಗಿದೆ. ಮಂಚ ಇರುವುದು ನಮ್ಮ ಹಾಲಿನ ಗೋಡೆಗೆ ತಾಗಿ, ಆ ಬದಿಗೆ. ನಾನು ಕ್ಷಮೆ ಕೇಳುತ್ತ, ಇದು ಗದ್ದಲದ ಹಾಡಲ್ಲ, ಮನ್ಸೂರರದು ಎಂದೆ, ಯಾರದೆಂದು ತಿಳಿದರೆ ತಪ್ಪು ಹಗುರವಾಗುತ್ತದೆ ಎಂಬಂತೆ. ಅವರ ಮುಖ ಅರಳಿತು. 1953ರಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವಕ್ಕೆ ಹರೆಯದಲ್ಲಿ ಹೋಗಿ ಬೆಳಗಿನವರೆಗೆ ಕೂರುತ್ತಿದ್ದರಂತೆ. ಭೀಮಸೇನ ಜೋಶಿಯವರು ನಿಮ್ಮ ಗದಗಿನವರಲ್ಲವೇ ಎಂದು ಅವರೇ ಕೇಳಿದರು. ಮತ್ತೆ ಮೆಲ್ಲಗೆ ಹೇಳಿದರು: 'ಆದರೆ ಗೋಡೆಯಾಚೆ ಹಾಡು ಬರುವುದಿಲ್ಲ. ಬರೀ ಧುಂ ಧುಂ ಬರುತ್ತದೆ.'

ನಿಜವೇ. ಗೋಡೆ ತೆಳು ಸ್ವರಗಳನ್ನು ತಡೆಯುತ್ತದೆ, ಮಂದ್ರವನ್ನು ಬಿಟ್ಟುಕೊಡುತ್ತದೆ. 40 ಹರ್ಟ್ಸಿನ ಒಂದು ಅಲೆಯ ಉದ್ದವೇ ಸುಮಾರು ಎಂಟೂವರೆ ಮೀಟರು. ಅದಕ್ಕೆ ನಮ್ಮ ಇಟ್ಟಿಗೆ ಗೋಡೆ ಏನು ಲೆಕ್ಕ? ನನ್ನ ಕೋಣೆಯಲ್ಲಿ ತೋಡಿ, ಆಜಿಯ ತಲೆದಿಂಬಿಗೆ ಡಗ್ಗಾದ ಗುದ್ದು ಮಾತ್ರ. ಸಂಗೀತವನ್ನು ನಾನಿಟ್ಟುಕೊಂಡು ಗದ್ದಲವನ್ನು ಅವರ ಮನೆಗೆ ಕಳಿಸಿದ್ದೆ. ಕಾನೂನು ನೋಡಿದರೆ ನಾನು ನಿರಪರಾಧಿಯೇ ಇರಬಹುದು. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರವರೆಗೆ 55 ಡೆಸಿಬೆಲ್, ಆಮೇಲೆ 45. ಇನ್ನೂ ಒಂಬತ್ತಾಗಿತ್ತು. ಆದರೆ ಆ ಅಂಕಿಗೆ ಗೋಡೆಯಾಚೆಯ ಮಂಚ ಗೊತ್ತಿಲ್ಲ.

ಆಗ ಅಪ್ಪ ಮತ್ತು ನಾನು ಒಂದೇ ಸಾಲಿನಲ್ಲಿ ನಿಂತಂತಾಯಿತು. ಅವರು ಒಳ್ಳೆಯ ಸಂಗೀತಕ್ಕಾಗಿ ಮನೆಯವಳ ಸದ್ದು ನಿಲ್ಲಿಸಿದರು. ನಾನು ಅದೇ ಸಂಗೀತಕ್ಕಾಗಿ ನೆರೆಯವಳ ನಿದ್ದೆ ನಿಲ್ಲಿಸಿದೆ. ಇಬ್ಬರಿಗೂ ಸಂಗೀತದ ಶ್ರೇಷ್ಠತೆಯೇ ಪರವಾನಗಿ. ಹೊರನಾಡಿನಲ್ಲಿರುವ ನಮಗೆ ಇದರ ಜೊತೆ ಇನ್ನೊಂದು ಪರವಾನಗಿ: 'ನಮ್ಮ ಕಡೆಯ ಸಂಗೀತ'. ಕೀಳು ಸಂಗೀತಕ್ಕಾಗಿ ಇನ್ನೊಬ್ಬರಿಗೆ ತೊಂದರೆ ಕೊಡುವವನಿಗೆ ಒಳಗೊಳಗೇ ತಪ್ಪಿನ ಅರಿವಾದರೂ ಇರುತ್ತದೆ. ಮೇಲುಮಟ್ಟದ್ದನ್ನು ಕೇಳುವವನಿಗೆ ಅದೂ ಇರುವುದಿಲ್ಲ.

ಹಾಗಾದರೆ ಹೆಡ್‌ಫೋನ್ ಹಾಕಿಕೊಂಡರೆ ಮುಗಿಯಿತಲ್ಲ ಎನ್ನಬಹುದು. ನಮ್ಮ ಕಾಲದ ಉತ್ತರ ಅದೇ: ಯಾರ ಮೌನವನ್ನೂ ಬೇಡಬೇಕಿಲ್ಲ, ಯಾರಿಗೂ ಸದ್ದು ಹಂಚಬೇಕಿಲ್ಲ. ರಾತ್ರಿ ಹತ್ತರ ಮೇಲೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ಹೆಡ್‌ಫೋನಿನಲ್ಲಿ ಅವ್ವನಿಗೆ ಜಾಗವಿಲ್ಲ. ಅಪ್ಪ ಕೇಳುವಾಗ ಅವಳು ಒಳಗೆ ಸುಮ್ಮನೆ ಕೂತಿದ್ದಳು, ನಾನು ಕೇಳುವಾಗ ಸೋಫಾದ ಮೇಲೆ ಸುಮ್ಮನೆ ಕೂರುತ್ತಾಳೆ. ಇನ್ನೊಬ್ಬರನ್ನು ಪೂರ್ತಿ ಬಿಟ್ಟು ಕೇಳುವುದರಿಂದ ಹಳೇ ಅನ್ಯಾಯ ನಿಂತೀತೇ ಹೊರತು ಸರಿಹೋಗುವುದಿಲ್ಲ.

ನನಗೆ ತೋಚಿದ್ದು ಇಷ್ಟು. ಪೂರ್ಣ ನಿಶ್ಶಬ್ದ ಯಾರ ಹಕ್ಕೂ ಅಲ್ಲ. ಕೇಳಬೇಕಾದರೆ ಇನ್ನೊಬ್ಬರು ಸ್ವಲ್ಪ ಸುಮ್ಮನಿರಬೇಕಾಗುತ್ತದೆ, ಅದು ತಪ್ಪೂ ಅಲ್ಲ. ಆದರೆ ಆ ಮೌನವನ್ನು ಅವರನ್ನು ಕೇಳಿ ಪಡೆದೆವೋ, ಇದ್ದೇ ಇರುತ್ತದೆಂದು ತೆಗೆದುಕೊಂಡೆವೋ, ನಮ್ಮ ಸರದಿ ಬಂದಾಗ ನಾವೂ ಸುಮ್ಮನಿರುತ್ತೇವೋ ಎಂಬುದನ್ನು ನೋಡಬೇಕು. ಅಪ್ಪ ಅವ್ವನಿಗೆ 'ಹಿಟ್ಟು ಒಣಗತೈತೇನು?' ಎಂದು ಒಮ್ಮೆ ಕೇಳಿದ್ದರೆ ಅದೇ ಅರ್ಧ ಗಂಟೆ ಬೇರೆಯಾಗಿರುತ್ತಿತ್ತು. ಟೇಪು ಸ್ವಲ್ಪ ಗದ್ದಲವಾಗುತ್ತಿತ್ತು, ಅಷ್ಟೇ.

ನಾಲ್ಕನೇ ದಿನ ಸಬ್‌ವೂಫರನ್ನು ಗೋಡೆಯಿಂದ ಕಿತ್ತು ಬಾಲ್ಕನಿಯ ಕಡೆಗೆ ಸರಿಸಿದೆ. ನೆಲಕ್ಕೆ ದಪ್ಪ ರಬ್ಬರ್ ಹಾಸಿದೆ. ಅದೂ ಸಾಲದೆಂದು ಆಜೋಬಾ ಅವರನ್ನೇ ಕೇಳಿ, ಅವರು ಆ ಕೋಣೆಯಲ್ಲಿ ಕೂತಿರುವಾಗ ಸದ್ದು ಇಳಿಸುತ್ತ ಬಂದು, 'ಆತಾ ಠೀಕ್' ಎಂದಲ್ಲಿ ನಿಲ್ಲಿಸಿ ಗುಂಡಿಗೆ ಪೆನ್ನಿನಿಂದ ಗುರುತು ಹಾಕಿದೆ. ಆ ಗುರುತಿನಲ್ಲಿ ಸಂಗೀತ ಮೊದಲಿನಷ್ಟು ತುಂಬಿ ಬರುವುದಿಲ್ಲ. ಇರಲಿ.

ಕ್ಯಾಸೆಟ್ಟುಗಳನ್ನು ಇದ್ದ ಹಾಗೆಯೇ ಇಳಿಸಿ ಇಟ್ಟಿದ್ದೇನೆ, ಏನನ್ನೂ ಕತ್ತರಿಸಿಲ್ಲ. ತಂಬೂರಿ ಉಳಿಯುವಷ್ಟು ಮಾತ್ರ ಶ್ಶ್ ಇಳಿಸಿದ ಇನ್ನೊಂದು ಪ್ರತಿಯೂ ಇದೆ. ಯಾವುದನ್ನು ಹಾಕಲಿ ಎಂದು ಅವ್ವನನ್ನೇ ಕೇಳಿದೆ. ನನ್ನ ಲೆಕ್ಕದಲ್ಲಿ ಅವಳು ತನ್ನ ಸದ್ದು ಇರುವುದನ್ನೇ ಆರಿಸಬೇಕಿತ್ತು. 'ಸ್ವಚ್ಛ ಇರೂದ ಹಚ್ಚು. ಒಮ್ಮೆರ ಪೂರಾ ಹಾಡ ಕೇಳೂಣು' ಅಂದಳು.

ಹಚ್ಚಿದೆ. ಹತ್ತು ನಿಮಿಷ ಸುಮ್ಮನೆ ಕೇಳಿದಳು. ಆಮೇಲೆ ಮಾತು ಶುರುಮಾಡಿದಳು: ಆ ಮನೆ, ಆ ರೇಡಿಯೋ, ಆ ವರ್ಷದ ಜೋಳದ ರೇಟು. ಮನ್ಸೂರರು ತಾನಿಗೆ ಏರುತ್ತಿದ್ದರು. ನನ್ನ ಬಾಯಿಗೆ 'ಅವ್ವಾ, ಒಂದು ನಿಮಿಷ' ಎಂಬುದು ಬಂದೇ ಬಿಟ್ಟಿತ್ತು. ನುಂಗಿಕೊಂಡು ಅವಳ ಕಡೆ ತಿರುಗಿ ಕೂತೆ.